ಮಗಳು ಲೆಕ್ಕದಲ್ಲಿ ತುಂಬಾ ಮುಂದಿದ್ದಾಳೆ, ಡಬಲ್ ಪ್ರಮೋಷನ್ ಕೊಡಿಸೋದಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಲೆಕ್ಕ ಅಂದರೆ ಪ್ರಾಣ. ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗನ ಎಂಟನೇ ಕ್ಲಾಸಿನ ಪುಸ್ತಕ ಹಿಡಿದು ಕೂತು ಸಮೀಕರಣ ಬಿಡಿಸುತ್ತಿದ್ದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಮುಗಿಸುತ್ತಾಳೆ, ಟೀಚರ್ ಕೈ ಕಟ್ಟಿ ಕೂತಿರು ಅನ್ನುತ್ತಾರಂತೆ. ಈಗೀಗ ಬೆಳಿಗ್ಗೆ ಹೊಟ್ಟೆನೋವು ಅಂತ ಶಾಲೆಗೆ ಹೋಗಲು ಹಟ. ಪ್ರಿನ್ಸಿಪಾಲರನ್ನು ಕೇಳಿದರೆ, ಮುಂದಿನ ಜೂನ್‌ಗೆ ನೇರ ಏಳನೇ ಕ್ಲಾಸಿಗೆ ಹಾಕೋಣ ಅಂದರು. ನಮ್ಮ ಯಜಮಾನರು ಈಗಿಂದಲೇ ಐಐಟಿ ಫೌಂಡೇಶನ್ ಕೋಚಿಂಗ್‌ಗೆ ಸೇರಿಸೋಣ ಅನ್ನುತ್ತಾರೆ. ನಮ್ಮ ಮಾವ ನಿವೃತ್ತ ಹೆಡ್‌ಮಾಸ್ಟರ್, ಅವರಿಗೆ ಎರಡೂ ಇಷ್ಟವಿಲ್ಲ, ಮಗುವಿನ ಬಾಲ್ಯ ಹಾಳು ಮಾಡಬೇಡಿ ಅನ್ನುತ್ತಾರೆ. ಮಗ ಆರನೇ ಕ್ಲಾಸಿನಲ್ಲಿ ಅದೇ ಶಾಲೆಯಲ್ಲಿ ಓದುತ್ತಿದ್ದಾನೆ. ನನಗೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. (ಹೆಸರು ಬೇಡ, ಶಿವಮೊಗ್ಗ)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಡಬಲ್ ಪ್ರಮೋಷನ್ ಬೇಡ. ಕೋಚಿಂಗ್ ಕೂಡ ಬೇಡ. ಆದರೆ ಲೆಕ್ಕದಲ್ಲಿ ಮಾತ್ರ ಅವಳು ಮುಂದಕ್ಕೆ ಹೋಗಲೇಬೇಕು, ಅದನ್ನು ಜೂನ್‌ವರೆಗೆ ಕಾಯಿಸಬೇಡಿ, ಈ ಟರ್ಮಿನಲ್ಲೇ ಶುರುವಾಗಲಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಆ ಹೊಟ್ಟೆನೋವು. ಮೊದಲು ಡಾಕ್ಟರ್‌ಗೆ ತೋರಿಸಿ. ಅವರು ಏನೂ ಇಲ್ಲ ಅಂದರೆ, ಮಗು ತನಗೆ ಗೊತ್ತಿರುವ ಒಂದೇ ದಾರಿಯಲ್ಲಿ ನಿಮಗೆ ವಿಷಯ ತಿಳಿಸುತ್ತಿದೆ ಅಂತ ತಿಳಿಯಿರಿ. ದಿನಾ ನಲವತ್ತು ನಿಮಿಷ, ಎರಡು ವರ್ಷದ ಹಿಂದೆಯೇ ಬಂದಿದ್ದನ್ನು ಮತ್ತೆ ಮತ್ತೆ ಮಾಡಿ, ಆಮೇಲೆ ಕೈ ಕಟ್ಟಿ ಕೂರುವುದು ಸಣ್ಣ ಶಿಕ್ಷೆಯಲ್ಲ. ಬುದ್ಧಿವಂತ ಮಗು ತಾನೇ, ಹೇಗೋ ನಿಭಾಯಿಸುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಭಾಯಿಸುತ್ತವೆ ನಿಜ, ಆದರೆ ಹೇಗೆ ಅಂದರೆ ಮೆಲ್ಲಗೆ ಆಸೆ ಬಿಟ್ಟು. ಹುಡುಗಿಯರಲ್ಲಿ ಇದು ಇನ್ನೂ ಬೇಗ ಆಗುವುದನ್ನು ನಾನು ಪಾಠ ಮಾಡಿದ ವರ್ಷಗಳಲ್ಲೆಲ್ಲ ನೋಡಿದ್ದೇನೆ. ಐದನೇ ಕ್ಲಾಸಿನಲ್ಲಿ ಬೆಂಚಿನಿಂದ ಎದ್ದು ನಿಂತು ಉತ್ತರ ಕೂಗುತ್ತಿದ್ದವಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಗೊತ್ತಿದ್ದರೂ ಕೈ ಎತ್ತುವುದಿಲ್ಲ.

ಹಾಗಂತ ನಾಳೆಯೇ ಎಂಟನೇ ಕ್ಲಾಸಿನ ಪುಸ್ತಕ ಕೊಟ್ಟು ಕೂರಿಸಬೇಡಿ. ಅವಳಿಗೆ ನಿಜವಾಗಿ ಎಷ್ಟು ಬರುತ್ತೆ ಅಂತ ಮೊದಲು ನೋಡಬೇಕು. ಒಂದು ಸಂಖ್ಯೆಯ ಮೂರು ಪಟ್ಟಿಗೆ 7 ಕೂಡಿದರೆ 22 ಆಗುತ್ತೆ, ಆ ಸಂಖ್ಯೆ ಯಾವುದು ಅಂದರೆ 5 ಅಂತ ಥಟ್ಟನೆ ಹೇಳಬಹುದು. ಹೇಗೆ ಬಂತು ಅಂತ ಕೇಳಿ. "7 ಆ ಕಡೆ ಹೋದರೆ ಮೈನಸ್ ಆಗುತ್ತೆ" ಅಂದರೆ ಅದು ಅಣ್ಣನಿಂದ ಕಲಿತ ವರಸೆ. "ಎರಡೂ ಕಡೆ 7 ತೆಗೆದರೆ ಸಮವಾಗೇ ಉಳಿಯುತ್ತಲ್ಲ, ಅದಕ್ಕೆ" ಅಂದರೆ ಅವಳಿಗೆ ಸಮೀಕರಣ ಅರ್ಥವಾಗಿದೆ.

ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಏಳರಲ್ಲಿ ಮೂರು ಭಾಗ ದೊಡ್ಡದೋ, ಹನ್ನೊಂದರಲ್ಲಿ ಐದು ಭಾಗ ದೊಡ್ಡದೋ? ಲ.ಸಾ.ಅ. ತೆಗೆದು 77 ಛೇದ ಮಾಡಿ 33, 35 ಅಂತ ಹೋಲಿಸಿದರೆ ಸರಿ, ಕ್ಲಾಸಿನ ಪಾಠ ಬಂದಿದೆ. ಆದರೆ ಕೆಲವು ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಅರ್ಧಕ್ಕಿಂತ ಚೂರು ಕಡಿಮೆ ಅಲ್ವಾ ಅನ್ನುತ್ತಾರೆ. ಏಳರ ಅರ್ಧ ಮೂರೂವರೆ, ಹನ್ನೊಂದರ ಅರ್ಧ ಐದೂವರೆ. ಎರಡರಲ್ಲೂ ಕೊರತೆ ಅರ್ಧ ತುಂಡು, ಆದರೆ ಹನ್ನೊಂದು ಮಾಡಿದಾಗ ತುಂಡು ಸಣ್ಣದು, ಹಾಗಾಗಿ ಕೊರತೆಯೂ ಸಣ್ಣದು, ಹನ್ನೊಂದರಲ್ಲಿ ಐದೇ ದೊಡ್ಡದು. ಹೀಗೆ ಯೋಚಿಸುವ ಮಗುವನ್ನು ಐದನೇ ಕ್ಲಾಸಿನ ಲೆಕ್ಕದಲ್ಲಿ ಕಟ್ಟಿಹಾಕಬಾರದು.

ಹುಣಸೆ ಬೀಜ ಕೊಟ್ಟು 1, 3, 5, 7 ಅಂತ ಬೆಸ ಸಂಖ್ಯೆಗಳನ್ನು ಕೂಡುತ್ತಾ ಹೋಗಲು ಹೇಳಿ. 1, 4, 9, 16 ಬರುತ್ತೆ. ಇವೆಲ್ಲ ವರ್ಗ ಸಂಖ್ಯೆಗಳು ಅಂತ ಅವಳೇ ಗುರುತಿಸಬಹುದು. ಯಾಕೆ ಯಾವಾಗಲೂ ಹೀಗೇ ಬರಬೇಕು ಅಂತ ಕೇಳಿ ಬಿಟ್ಟುಬಿಡಿ. ಉತ್ತರ ಹೇಳಬೇಡಿ. ಎರಡು ದಿನ ಆದರೂ ಪರವಾಗಿಲ್ಲ. ಚೌಕದ ಎರಡು ಅಂಚಿಗೆ ಬೀಜ ಜೋಡಿಸಿ ಮುಂದಿನ ಚೌಕ ಕಟ್ಟಿ ತೋರಿಸಿದರೆ ನನಗೊಂದು ಪತ್ರ ಬರೆಯಿರಿ, ದಯವಿಟ್ಟು.

ಇದರ ಜೊತೆಗೆ ಶಾಲೆಯಿಂದ ಕಳೆದ ವರ್ಷದ ಆರನೇ ಕ್ಲಾಸಿನ ವಾರ್ಷಿಕ ಪರೀಕ್ಷೆಯ ಗಣಿತ ಪ್ರಶ್ನೆಪತ್ರಿಕೆ ತಂದು, ಏನೂ ಹೇಳಿಕೊಡದೆ ಬರೆಸಿ. ಹತ್ತರಲ್ಲಿ ಒಂಬತ್ತು ಸರಿ ಬಂದರೆ ಏಳನೆಯದ್ದನ್ನೂ ಬರೆಸಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿಂದ ಅವಳ ಪಾಠ ಶುರು. ಐದನೇ ಕ್ಲಾಸಿನ ಪತ್ರಿಕೆಯಲ್ಲಿ ನೂರಕ್ಕೆ ನೂರು ಬಂದರೆ ಏನೂ ಗೊತ್ತಾಗುವುದಿಲ್ಲ, ಯಾಕಂದರೆ ಚೆನ್ನಾಗಿ ಓದುವ ಮಗುವಿಗೂ ನೂರು, ಮೂರು ವರ್ಷ ಮುಂದಿರುವ ಮಗುವಿಗೂ ನೂರು. 1971ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ ಅನ್ನುವ ಮನಃಶಾಸ್ತ್ರಜ್ಞರು ಗಣಿತದಲ್ಲಿ ತುಂಬಾ ಮುಂದಿರುವ ಮಕ್ಕಳ ಬಗ್ಗೆ ಅಧ್ಯಯನ ಶುರು ಮಾಡಿದಾಗ ಹಿಡಿದ ದಾರಿಯೂ ಇದೇ. 12-13 ವರ್ಷದ ಮಕ್ಕಳಿಗೆ, ಕಾಲೇಜು ಸೇರುವವರು ಬರೆಯುವ ಎಸ್‌ಎಟಿ ಪರೀಕ್ಷೆ ಕೊಟ್ಟು ನೋಡಿದರು.

ಆ ಅಧ್ಯಯನದ ಮಕ್ಕಳನ್ನು ಅವರು ಐವತ್ತರ ಆಸುಪಾಸಿಗೆ ಬರುವವರೆಗೂ ಹಿಂಬಾಲಿಸಿದ್ದಾರೆ, ಇದನ್ನು ನಿಮ್ಮ ಮಾವನವರಿಗೆ ಓದಿ ಹೇಳಿ. ಅವರ ಆತಂಕ ನನಗೆ ಅರ್ಥವಾಗುತ್ತೆ, ಎಳೆ ಮಗು ದೊಡ್ಡವರ ನಡುವೆ ಸಿಕ್ಕಿ ಒಂಟಿಯಾಗುತ್ತೆ ಅನ್ನುವ ಭಯ ಎಲ್ಲ ಹಿರಿಯರಿಗೂ ಇರುತ್ತೆ. ಆದರೆ ಸರಿಯಾಗಿ ಪರೀಕ್ಷಿಸಿ ಮುಂದಕ್ಕೆ ಕಳಿಸಿದ ಮಕ್ಕಳು ಓದಿನಲ್ಲಿ ಚೆನ್ನಾಗಿಯೇ ಬೆಳೆದರು, ಹಾಗೆ ಕಳಿಸಿದ್ದರಿಂದ ಮುಂದೆ ಅವರ ಮನಸ್ಸಿಗೆ ಏಟು ಬಿತ್ತು ಅಂತ ಕಾಣಲಿಲ್ಲ. ಅಲ್ಲಿಯ ಶಾಲೆ ಬೇರೆ, ನಮ್ಮ ಶಾಲೆ ಬೇರೆ, ಅದು ನಿಜ. ಆದರೂ ಮುಂದೆ ಕಳಿಸಿದರೆ ಬಾಲ್ಯ ಹಾಳು ಅಂತ ಕಣ್ಣು ಮುಚ್ಚಿ ಹೇಳಲು ಬರುವುದಿಲ್ಲ. ಬೇಸರದಲ್ಲಿ ಕೂರಿಸಿದರೂ ಬಾಲ್ಯ ಹಾಳಾಗುತ್ತೆ, ಅದನ್ನೂ ಅವರು ತೂಗಿ ನೋಡಲಿ.

ಹಾಗಾದರೆ ಡಬಲ್ ಪ್ರಮೋಷನ್ ಯಾಕೆ ಬೇಡ ಅಂತ ಕೇಳುತ್ತೀರಿ. ಮೊದಲನೆಯದು, ನಿಮ್ಮ ಮಗ. ಈಗ ಆರನೇ ಕ್ಲಾಸು ಅಂದರೆ ಜೂನ್‌ನಲ್ಲಿ ಅವನೂ ಏಳಕ್ಕೆ ಬರುತ್ತಾನೆ. ತಂಗಿ ಅದೇ ಕ್ಲಾಸಿಗೆ ಬಂದು ಕೂತು, ಲೆಕ್ಕದಲ್ಲಿ ಅಣ್ಣನಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದು, ಅದನ್ನು ಟೀಚರೂ ನೆಂಟರೂ ಎತ್ತಿ ಆಡಿ... ಬೇಡವೇ ಬೇಡ. ಕ್ಲಾಸು ಹಾರಿಸಬೇಕೋ ಬೇಡವೋ ಅಂತ ತೀರ್ಮಾನಿಸಲು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಒಂದು ಅಳತೆಪಟ್ಟಿ ಮಾಡಿದ್ದಾರೆ. ಮಗು ಹೋಗುವ ಕ್ಲಾಸಿನಲ್ಲಿ ಒಡಹುಟ್ಟಿದವರು ಇದ್ದರೆ ಹಾರಿಸಬೇಡಿ ಅಂತ ಅದರಲ್ಲಿ ಖಡಾಖಂಡಿತವಾಗಿ ಇದೆ. ಮಗುವಿಗೇ ಇಷ್ಟವಿಲ್ಲದಿದ್ದರೂ ಹಾರಿಸಬೇಡಿ ಅಂತ ಇದೆ. ನಿಮ್ಮ ಪತ್ರದಲ್ಲಿ ಯಜಮಾನರು ಏನಂದರು, ಮಾವ ಏನಂದರು, ಪ್ರಿನ್ಸಿಪಾಲರು ಏನಂದರು ಎಲ್ಲ ಇದೆ, ಮಗಳು ಏನಂದಳು ಅಂತ ಇಲ್ಲ. ಅವಳನ್ನು ಕೇಳಿ. "ಏಳನೇ ಕ್ಲಾಸಿಗೆ ಹೋಗ್ತೀಯಾ" ಅಂತ ಕೇಳಿದರೆ ನಿಮ್ಮ ಮುಖ ನೋಡಿ ಹೂಂ ಅನ್ನಬಹುದು. ಲೆಕ್ಕದ ಪೀರಿಯಡ್ ಹೇಗಿದ್ದರೆ ಚೆನ್ನ, ಯಾರ ಜೊತೆ ಊಟಕ್ಕೆ ಕೂರುತ್ತೀಯ, ಅವರನ್ನು ಬಿಟ್ಟು ಹೋದರೆ ಹೇಗನಿಸುತ್ತೆ, ಹೀಗೆ ಬಿಡಿಬಿಡಿಯಾಗಿ, ಬೇರೆ ಬೇರೆ ದಿನ ಕೇಳಿ.

ಎರಡನೆಯದು, ಅವಳು ಮುಂದಿರುವುದು ಲೆಕ್ಕದಲ್ಲಿ. ಕನ್ನಡ, ಇಂಗ್ಲಿಷ್, ಸಮಾಜ ಎಲ್ಲದರಲ್ಲೂ ಎರಡು ವರ್ಷ ಮುಂದಿದ್ದಾಳೆ ಅಂತ ನೀವು ಬರೆದಿಲ್ಲ. ಏಳನೇ ಕ್ಲಾಸಿನ ಮಕ್ಕಳು ಉದ್ದ ಉತ್ತರ ಬರೆಯುವ ವೇಗಕ್ಕೆ ಹತ್ತು ವರ್ಷದ ಕೈ ಸೋಲುತ್ತೆ. ಅಲ್ಲದೆ ವಯಸ್ಸಿನ ಗೇಟುಗಳು ಮುಂದೆ ಸಿಗುತ್ತವೆ, ಮೆಡಿಕಲ್ ಓದಬೇಕು ಅಂತ ಮನಸ್ಸು ಮಾಡಿದರೆ ನೀಟ್‌ಗೆ, ಸೀಟು ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಓಡಿ ಹೋಗಿ ಅಲ್ಲಿ ಕಾದು ಕೂರುವುದರಲ್ಲಿ ಲಾಭವೇನು?

ಗಣಿತದಲ್ಲಿ ಈ ಕಾಲದ ದೊಡ್ಡ ಹೆಸರು ಟೆರೆನ್ಸ್ ಟಾವೊ. 1975ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹುಟ್ಟಿದವರು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 1986ರಲ್ಲಿ ಕಂಚು, 87ರಲ್ಲಿ ಬೆಳ್ಳಿ, 88ರಲ್ಲಿ ಚಿನ್ನ. ಅವರ ಕಥೆ ಹೇಳುವವರು ಬರೀ ವೇಗ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು, ಅವರನ್ನು ಎತ್ತಿ ಒಂದೇ ಸಲ ಮೇಲಿನ ಕ್ಲಾಸಿಗೆ ಹಾಕಲಿಲ್ಲ ಅನ್ನುವುದು. ಚಿಕ್ಕ ಹುಡುಗನಿದ್ದಾಗ ಗಣಿತಕ್ಕೆ ಒಂದು ಕ್ಲಾಸು, ಬೇರೆ ವಿಷಯಕ್ಕೆ ಬೇರೆ ಕ್ಲಾಸು, ಅಂತ ಶಾಲೆಯವರೂ ಅಪ್ಪ ಅಮ್ಮನೂ ಕೂತು ವೇಳಾಪಟ್ಟಿ ಹೊಂದಿಸಿದ್ದರು. ಒಂಬತ್ತನೇ ವಯಸ್ಸಿಗೇ ವಿಶ್ವವಿದ್ಯಾಲಯದ ಗಣಿತ ಪಾಠ ಕೇಳತೊಡಗಿದರೂ ಪದವಿ ಮುಗಿಸಿದ್ದು 16ಕ್ಕೆ. ಹೋಗುವಷ್ಟು ಬೇಗ ಹೋಗಬಹುದಿತ್ತು, ಆದರೂ ತಳ ಗಟ್ಟಿ ಮಾಡಿಕೊಂಡೇ ಹೋದರು. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಬಂತು. ನಿಮ್ಮ ಮಗಳು ಟಾವೊ ಆಗಬೇಕಿಲ್ಲ, ಆ ವೇಳಾಪಟ್ಟಿಯ ಉಪಾಯ ಮಾತ್ರ ನಮಗೆ ಬೇಕು.

ಪ್ರಿನ್ಸಿಪಾಲರು ಡಬಲ್ ಪ್ರಮೋಷನ್‌ಗೇ ಒಪ್ಪುವವರು ಅಂದರೆ ಒಳ್ಳೆಯ ಮನಸ್ಸಿನವರೇ. ಅವರ ಬಳಿ ಹೋಗಿ ಇಷ್ಟು ಕೇಳಿ: ಐದನೇ ಕ್ಲಾಸಿನ ಲೆಕ್ಕದ ಪೀರಿಯಡ್ಡೂ ಏಳನೇ ಕ್ಲಾಸಿನದ್ದೂ ಒಂದೇ ಹೊತ್ತಿಗೆ ಬರುವ ಹಾಗೆ ಮಾಡಲು ಆಗುತ್ತಾ? ಆಗುವುದಾದರೆ ಆ ಒಂದು ಪೀರಿಯಡ್ ಅವಳು ಏಳರಲ್ಲಿ ಕೂರಲಿ, ಮಿಕ್ಕಿದ್ದೆಲ್ಲ ತನ್ನ ಗೆಳತಿಯರ ಜೊತೆ. (ಈ ವರ್ಷ ಅಣ್ಣ ಆರರಲ್ಲಿದ್ದಾನೆ, ಹಾಗಾಗಿ ಆರಕ್ಕೆ ಬೇಡ. ಮುಂದಿನ ವರ್ಷ ಅಣ್ಣ ಏಳಕ್ಕೆ ಬಂದಾಗ ಇವಳು ಎಂಟಕ್ಕೆ ಹೋದರೆ ಅಲ್ಲೂ ಮುಖಾಮುಖಿ ತಪ್ಪುತ್ತೆ.) ಆರನೇ ಕ್ಲಾಸಿನ ಪತ್ರಿಕೆಯಲ್ಲಿ ಎಲ್ಲಿ ತಪ್ಪಿದ್ದಾಳೋ ಅದನ್ನು ಮನೆಯಲ್ಲಿ ಮೊದಲು ತುಂಬಿಸಿ. ಋಣ ಸಂಖ್ಯೆ, ಭಿನ್ನರಾಶಿ, ಅನುಪಾತ ಇವುಗಳಲ್ಲಿ ತೂತು ಉಳಿದರೆ ಒಂಬತ್ತನೇ ಕ್ಲಾಸಿಗೆ ಬರುವವರೆಗೂ ಗೊತ್ತಾಗುವುದಿಲ್ಲ, ಆಮೇಲೆ ಮುಚ್ಚುವುದು ಕಷ್ಟ. ವೇಳಾಪಟ್ಟಿ ಹೊಂದಲ್ಲ ಅಂದರೆ, ತನ್ನ ಕ್ಲಾಸಿನಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಮೇಲಿನ ಪುಸ್ತಕ ಮಾಡಲು ಬಿಡಲಿ, ವಾರಕ್ಕೊಂದು ಸಲ ಹೈಸ್ಕೂಲ್ ಗಣಿತ ಟೀಚರ್ ಇಪ್ಪತ್ತು ನಿಮಿಷ ನೋಡಲಿ. ಮುಗಿಸಿದವರಿಗೆ ಕ್ಲಾಸಿನ ನೋಟ್‌ಬುಕ್ ತಿದ್ದಲು ಕೊಡುವುದು, ಬೇರೆ ಮಕ್ಕಳಿಗೆ ದಿನಾ ಹೇಳಿಕೊಡು ಅನ್ನುವುದು ಇದಕ್ಕೆ ಬದಲಿ ಅಲ್ಲ.

ಐದನೇ ಕ್ಲಾಸಿನ ಗಣಿತ ಪರೀಕ್ಷೆಯನ್ನು ಅವಳು ಬರೆಯಲಿ, ದಾಖಲೆಯಲ್ಲಿ ಐದನೇ ಕ್ಲಾಸೇ ಇರಲಿ. ಒಂದು ಟರ್ಮ್ ನೋಡಿ. ಸರಿ ಹೋಗದಿದ್ದರೆ ವಾಪಸ್ ಬರಬಹುದು, ಅದು ಸೋಲಲ್ಲ ಅಂತ ಮೊದಲೇ ಅವಳಿಗೆ ಹೇಳಿ. ಡಬಲ್ ಪ್ರಮೋಷನ್ ಕೊಟ್ಟರೆ ಈ ವಾಪಸಾತಿ ಸಾಧ್ಯವಿಲ್ಲ, ನನ್ನ ದೊಡ್ಡ ತಕರಾರು ಅದೇ. ಇನ್ನೊಂದು, ನಿಮ್ಮ ಶಾಲೆ ಎಲ್ಲಿಯವರೆಗೆ ಇದೆ? ಏಳಕ್ಕೋ ಎಂಟಕ್ಕೋ ಮುಗಿದರೆ, ಅವಳು ಆರನೇ ಕ್ಲಾಸು ಮುಗಿಸುವಷ್ಟರಲ್ಲಿ ಅಲ್ಲಿಯ ಲೆಕ್ಕ ಮುಗಿದುಹೋಗುತ್ತೆ. ಆಮೇಲೆ ಯಾರು ಕಲಿಸುತ್ತಾರೆ ಅಂತ ಈಗಲೇ ಮಾತಾಡಿ.

ಕೊನೆಗೆ ಯಜಮಾನರ ಕೋಚಿಂಗ್. ಫೌಂಡೇಶನ್ ಕೋರ್ಸುಗಳಲ್ಲಿ ಬಹುಪಾಲು ನಡೆಯುವುದು ಮುಂದಿನ ವರ್ಷಗಳ ಸಿಲೆಬಸ್ಸನ್ನು ಇವತ್ತೇ ತುಂಬಿಸುವುದು, ಒಂದು ಮಾದರಿಯ ನಲವತ್ತು ಲೆಕ್ಕ ಮಾಡಿಸುವುದು. ನಿಮ್ಮ ಮಗಳಿಗೆ ಈಗಾಗಲೇ ಆಗಿಬರದಿರುವುದೇ ಅದು. ಅವಳಿಗೆ ಬೇಕಿರುವುದು ಒಂದೇ ಲೆಕ್ಕದ ಮೇಲೆ ಎರಡು ದಿನ ಕೂರುವ ಸುಖ. ಎಣಿಸುವ ಲೆಕ್ಕಗಳು, ಅವಿಭಾಜ್ಯ ಸಂಖ್ಯೆಗಳು, ಕೈವಾರ ಹಿಡಿದು ಮಾಡುವ ರೇಖಾಗಣಿತ, ಇವುಗಳಿಗೆ ಕ್ಲಾಸಿನ ಮಿತಿಯೇ ಇಲ್ಲ. ಎಂಟನೇ ಕ್ಲಾಸಿಗೆ ಬಂದಾಗ ಐಒಕ್ಯೂಎಂ ಅನ್ನುವ, ಗಣಿತ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ ಬರೆಯಬಹುದು, ಮೂರು ಗಂಟೆಗೆ 30 ಪ್ರಶ್ನೆ, ಉತ್ತರವೆಲ್ಲ ಎರಡಂಕಿಯೊಳಗಿನ ಸಂಖ್ಯೆ. ಅದರಿಂದ ಮುಂದೆ ಪ್ರಾದೇಶಿಕ ಒಲಿಂಪಿಯಾಡ್, ರಾಷ್ಟ್ರೀಯ ಒಲಿಂಪಿಯಾಡ್, ಮುಂಬಯಿಯ ಹೋಮಿ ಭಾಭಾ ಕೇಂದ್ರದ ಮಾರ್ಗದರ್ಶನದ ಶಿಬಿರ, ಹೀಗೆ ಮೆಟ್ಟಿಲುಗಳಿವೆ. ಗಣಿತವನ್ನೇ ಓದುವುದಾದರೆ ಬೆಂಗಳೂರಿನಲ್ಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಮ್ಯಾಥ್ ಇದೆ. ಐಐಟಿ ಒಂದೇ ದಾರಿ ಅಲ್ಲ ಅಂತ ಯಜಮಾನರಿಗೆ ಹೇಳಿ, ಮಗಳಿಗೂ ಗೊತ್ತಿರಲಿ.

ಪ್ರಶ್ನೆ: ಮಗ ಎರಡನೇ ಕ್ಲಾಸು, ಅಬ್ಯಾಕಸ್‌ನಲ್ಲಿ ಬಹುಮಾನ ತಂದಿದ್ದಾನೆ. ಮೂರಂಕಿಯ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಗಣಿತದಲ್ಲಿ ಮೇಲಿನ ಕ್ಲಾಸಿಗೆ ಕೂರಿಸಿ ಅಂದರೆ ಶಾಲೆಯವರು ಒಪ್ಪುತ್ತಿಲ್ಲ. ಬೇರೆ ಶಾಲೆಗೆ ಸೇರಿಸಲೇ? (ಓದುಗರು, ಹುಬ್ಬಳ್ಳಿ)

ಉತ್ತರ: ಇದಕ್ಕಾಗಿ ಶಾಲೆ ಬದಲಿಸಬೇಡಿ. ಬೇಗ ಕೂಡುವುದು ಒಂದು ಶಕ್ತಿ, ಗಣಿತ ಇನ್ನೊಂದು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ತೋರಿಸಿದರು. ಅಂಥ ಪ್ರತಿಭೆಗೆ ಕೈ ಮುಗಿಯಬೇಕು. ಆದರೆ ಮೇಲಿನ ಕ್ಲಾಸಿನ ಗಣಿತ ವೇಗ ಕೇಳುವುದಿಲ್ಲ, ಯಾಕೆ ಅಂತ ಕೇಳುತ್ತೆ. 48 ಮತ್ತು 36 ಕೂಡು ಅನ್ನುವ ಬದಲು, ಕೂಡಿದರೆ 84 ಬರುವ, ಒಂದರಿಂದ ಇನ್ನೊಂದನ್ನು ಕಳೆದರೆ 12 ಬರುವ ಎರಡು ಸಂಖ್ಯೆ ಹುಡುಕು ಅನ್ನಿ. ಹೇಗೆ ಹುಡುಕುತ್ತಾನೆ ನೋಡಿ. ಸುಮ್ನೆ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾನೋ, 12ನ್ನು ಮೊದಲೇ ಪಕ್ಕಕ್ಕಿಟ್ಟು ಉಳಿದ 72ನ್ನು ಅರ್ಧ ಮಾಡುತ್ತಾನೋ? ಎರಡನೆಯದನ್ನು ತಾನಾಗಿಯೇ ಮಾಡಿದರೆ, ಏಳು ವರ್ಷದ ಮಗುವಿಗೆ ಅದು ನಿಜಕ್ಕೂ ದೊಡ್ಡದು, ಆಗ ಶಿವಮೊಗ್ಗದ ತಾಯಿಗೆ ಬರೆದ ಉತ್ತರವನ್ನು ಇನ್ನೊಮ್ಮೆ ಓದಿ. ಇಲ್ಲದಿದ್ದರೆ ಎರಡು ವರ್ಷ ಆಟ ಆಡಿಕೊಂಡಿರಲಿ. ಚೌಕಾಬಾರ, ಅಳಗುಳಿ ಮಣೆ ಆಡಿಸಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ, ಅಪ್ಪ ಅಮ್ಮ ಕೂಲಿಗೆ ಹೋಗುತ್ತಾರೆ. ಆರನೇ ತರಗತಿಯ ಲೆಕ್ಕ ಕೊಟ್ಟರೂ ಮಾಡುತ್ತಾನೆ. ಅವನ ಮನೆಯಲ್ಲಿ ಕೇಳುವವರಿಲ್ಲ. ಮುಂದಿನ ತರಗತಿಗೆ ಹಾಕಿಸಲೇ? (ಯಾದಗಿರಿ ಜಿಲ್ಲೆ)

ಉತ್ತರ: ಈ ಪತ್ರ ಓದಿ ನಿಮ್ಮ ಬಗ್ಗೆ ತುಂಬಾ ಗೌರವ ಬಂತು ಮೇಡಂ. ಅವನನ್ನು ಕೇಳುವವರು ನೀವಿದ್ದೀರಲ್ಲ.

ತರಗತಿ ಹಾರಿಸಬೇಡಿ, ಅದಕ್ಕೆ ದೊಡ್ಡ ಕಾರಣವೇ ಇದೆ. ನವೋದಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಹುಟ್ಟಿದ ದಿನಾಂಕದ ಮಿತಿ ಇದೆ, ಆ ವರ್ಷ ಮಗು ಐದನೇ ತರಗತಿಯಲ್ಲೇ ಓದುತ್ತಿರಬೇಕು. ಐದನ್ನು ಹಾರಿಸಿದರೆ ಆ ಬಾಗಿಲು ಮುಚ್ಚಿಹೋಗುತ್ತೆ. ಕನ್ನಡದಲ್ಲೇ ಬರೆಯಬಹುದು, ಜಿಲ್ಲೆಯ ಸೀಟುಗಳಲ್ಲಿ ಶೇ 75ರಷ್ಟಾದರೂ ಗ್ರಾಮೀಣ ಮಕ್ಕಳಿಗೆ. ಆದರೆ 80 ಪ್ರಶ್ನೆಗಳಲ್ಲಿ ಅಂಕಗಣಿತ 20 ಮಾತ್ರ, 40 ಮಾನಸಿಕ ಸಾಮರ್ಥ್ಯದ್ದು, 20 ಭಾಷೆಯದ್ದು. ಲೆಕ್ಕದ ಹುಡುಗರು ಭಾಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ದಿನಾ ಒಂದು ಗದ್ಯ ಓದಿಸಿ, ಪ್ರಶ್ನೆ ಕೇಳಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೇ ಪ್ರವೇಶ ಪರೀಕ್ಷೆ, ಎರಡಕ್ಕೂ ಬರೆಸಿ. ಎಂಟನೇ ತರಗತಿಗೆ ಬಂದಾಗ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಇದ್ದರೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇದೆ, ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಆ ಮನೆಗೆ ಅದು ಸಣ್ಣ ಮೊತ್ತವಲ್ಲ.

ಪಾಠದ ವಿಷಯಕ್ಕೆ ಬಂದರೆ, ನೀವು ನಲಿ-ಕಲಿ ಮಾಡಿದವರೇ ಇರಬೇಕು. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾದ ಆ ಪದ್ಧತಿಯಲ್ಲಿ ಒಂದು, ಎರಡು, ಮೂರರ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತೆ. ಅಮೆರಿಕದವರು ಪುಟಗಟ್ಟಲೆ ಬರೆದು ಕೇಳುವುದನ್ನು ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಮಾಡಿ ತೋರಿಸಿದ್ದಾರೆ. ನಾಲ್ಕಕ್ಕೆ ಬಂದ ತಕ್ಷಣ ಆ ಏಣಿ ತೆಗೆದುಬಿಡುತ್ತೇವೆ, ಎಲ್ಲರೂ ಒಂದೇ ಪುಟ. ಈ ಹುಡುಗನಿಗೆ ಏಣಿಯನ್ನು ನೀವೇ ಮುಂದುವರಿಸಿ. ಐದು, ಆರರ ಅಧ್ಯಾಯಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಬಂದಿದ್ದಕ್ಕೆ ಗುರುತು ಹಾಕಿ, ಬಾರದಲ್ಲಿಂದ ಶುರು ಮಾಡಿಸಿ. ಹಿರಿಯ ಪ್ರಾಥಮಿಕ ಶಾಲೆಯಾದರೆ ಲೆಕ್ಕದ ಪೀರಿಯಡ್‌ಗೆ ಆರರ ಕೋಣೆಗೆ ಕಳಿಸಲು ಯಾರ ಆದೇಶವೂ ಬೇಕಿಲ್ಲ, ನಿಮ್ಮ ಮುಖ್ಯ ಶಿಕ್ಷಕರು ಒಪ್ಪಿದರೆ ಸಾಕು. ಶಾಲೆಯಲ್ಲಿ ಇಂಟರ್ನೆಟ್ ಇದ್ದರೆ ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲೂ ಸಿಗುತ್ತವೆ, ದುಡ್ಡಿಲ್ಲ.

ಅಪ್ಪ ಅಮ್ಮನನ್ನು ಒಂದು ಸಂಜೆ ಕೂಲಿ ಮುಗಿದ ಮೇಲೆ ಅವರ ಮನೆಯಲ್ಲೇ ಹೋಗಿ ಮಾತಾಡಿಸಿ, ಹುಡುಗನ ಎದುರಿಗೇ. ಜಾತಿ, ಆದಾಯ ಪ್ರಮಾಣಪತ್ರ, ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಇವೆಲ್ಲ ಸರಿ ಇವೆಯಾ ಅಂತ ಈ ವರ್ಷವೇ ನೋಡಿಕೊಳ್ಳಿ. ಶಾಲೆಯ ದಾಖಲೆಯಲ್ಲಿ ಒಂದು ತಾರೀಕು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ತಿದ್ದಿಸಲು ತಿಂಗಳುಗಟ್ಟಲೆ ಹಿಡಿಯಬಹುದು, ನವೋದಯದ ಅರ್ಜಿ ಅದಕ್ಕೆ ಕಾಯುವುದಿಲ್ಲ.